ತುಂಬಿ ಕೊಟ್ಟ ಬಟ್ಟಲು

ಎರ್ಮೆಕ್ ಸುಳ್ಳು ಹೇಳುತ್ತಿದ್ದಾನೆ ಎಂದು ಬುರುಲಾಯ್‌ಗೆ ಅನುಮಾನ ಬಂದದ್ದು ಅವನ ಅಣ್ಣನ ಮಗಳ ವಯಸ್ಸಿನಿಂದ. ಹಿಂದಿನ ಸಲ ಅವಳಿಗೆಂದು ಪುಸ್ತಕ ಒಯ್ದಾಗ ಹುಡುಗಿಗೆ ಒಂಬತ್ತು ಎಂದಿದ್ದ. ಈಗ ಹನ್ನೊಂದು.

"ಬೇಗ ಬೆಳೆದುಬಿಟ್ಟಳಲ್ಲ!" ಎಂದಳು ಪುಸ್ತಕದ ಮೇಲೆ ಮುದ್ರೆ ಒತ್ತುತ್ತ.

"ಹೂಂ. ಎತ್ತರ ಜಾಸ್ತಿ," ಎಂದು ಅವನು ಕಿವಿ ಕೆಂಪಗೆ ಮಾಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯ ಕಿವಿ ಅದು. ಅವಳಿಗೆ ಆ ಕಿವಿಯೂ ಇಷ್ಟವೇ. ಕಷ್ಟ ಇದ್ದದ್ದೇ ಅಲ್ಲಿ.

ಬುರುಲಾಯ್ ಕೆಲಸ ಮಾಡುತ್ತಿದ್ದ ಕರಕೋಲ್‌ನ ಮಕ್ಕಳ ಗ್ರಂಥಾಲಯಕ್ಕೆ ವಸಂತದಲ್ಲಿ ರಾಜಧಾನಿ ಬಿಷ್ಕೆಕ್‌ನಿಂದ ಹೊಸ ಪುಸ್ತಕಗಳು ಬಂದಿದ್ದವು. ಎಲ್ಲವೂ ಕಿರ್ಗಿಜ್ ಭಾಷೆಯವು, ಹತ್ತು ಹನ್ನೆರಡರ ಮಕ್ಕಳಿಗೆಂದೇ ಬರೆದ ಕಾದಂಬರಿಗಳು. ಕಳೆದುಹೋದ ಮರಿಕುದುರೆಯ ಪತ್ತೇದಾರಿಕೆ, ಶಾಲೆಯ ಅಟ್ಟದ ಮೇಲಿನ ಭೂತ, ಸರೋವರದ ತಳದ ಊರು. ಮಕ್ಕಳು ಅವಕ್ಕಾಗಿ ಜಡೆ ಹಿಡಿದು ಜಗಳವಾಡುತ್ತಿದ್ದರು. ಆ ಜಗಳದ ನಡುವೆ ಈ ಆರಡಿ ಮನುಷ್ಯ ಬಂದು, ಸರದಿಯಲ್ಲಿ ನಿಂತು, ಒಂದನ್ನು ಹೊತ್ತುಕೊಂಡು ಹೋಗುತ್ತಿದ್ದ. ಸ್ಕೀ ಬೆಟ್ಟಕ್ಕೆ ಜನರನ್ನು ಏರಿಸುವ ತಂತಿಕುರ್ಚಿಗಳ ರಿಪೇರಿಗೆ ಓಮ್ಸ್ಕ್‌ನಿಂದ ಬಂದ ಮೆಕ್ಯಾನಿಕ್. ರಷ್ಯಾದಲ್ಲೇ ಹುಟ್ಟಿ ಬೆಳೆದ ಕಿರ್ಗಿಜ್, ಮಾತೆಲ್ಲ ರಷ್ಯನ್.

ಪುಸ್ತಕ ಸಿಕ್ಕ ಮೇಲೂ ಬೇಗ ಹೋಗುತ್ತಿರಲಿಲ್ಲ. ಅವಳು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಓದಿ ಹೇಳುವಾಗ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ. ಅವಳು ತಲೆ ಎತ್ತಿದರೆ ಚಾವಣಿ ನೋಡುತ್ತಿದ್ದ. ಚಾವಣಿಯಲ್ಲಿ ನೋಡುವಂಥದ್ದು ಒಂದು ಟ್ಯೂಬ್‌ಲೈಟು ಮಾತ್ರ.

ಒಮ್ಮೆ ಅವನಿಗೆ ಚಹಾ ಕೊಟ್ಟಳು, ಬಟ್ಟಲಿನ ತಳದಲ್ಲಿ ಎರಡೇ ಗುಟುಕು. ಕಿರ್ಗಿಜ್ ನಾಡಿನಲ್ಲಿ ಬೇಕಾದವರಿಗೆ ಕೊಡುವುದು ಹಾಗೆಯೇ: ಸ್ವಲ್ಪ ಸ್ವಲ್ಪ ಸುರಿಯುತ್ತ, ಮತ್ತೆ ಮತ್ತೆ ಕೈಚಾಚಿಸುತ್ತ, ಏಳದಂತೆ ಕೂರಿಸಿಕೊಳ್ಳಬೇಕು. ಅವನು ಎರಡು ಗುಟುಕು ಕುಡಿದು, ಖಾಲಿ ಬಟ್ಟಲನ್ನು ವಿಚಿತ್ರವಾಗಿ ನೋಡಿ, ಥ್ಯಾಂಕ್ಸ್ ಹೇಳಿ ಹೊರಟೇಬಿಟ್ಟ. ಬುರುಲಾಯ್ ಕೆಟಲ್ ಹಿಡಿದುಕೊಂಡು ನಿಂತೇ ಇದ್ದಳು.

"ಮದುವೆಯಾಗಿದೆ ಕಣೇ ಅವನಿಗೆ," ಎಂದು ತಲೆಗೆ ಹುಳ ಬಿಟ್ಟವಳು ಜೊತೆಯ ಕೆಲಸದ ಸೈರಾ. "ಅಣ್ಣನ ಮಗಳು ಅನ್ನೋ ಗಂಡಸರ ಅಣ್ಣನ ಮಗಳು ಅವರ ಸ್ವಂತ ಮಗಳೇ ಆಗಿರ್ತಾಳೆ."

"ಸೈರಕ್ಕ, ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗಬೇಡ."

"ತೂಗಲ್ಲಮ್ಮ. ಭಾನುವಾರ ನಿನ್ನ ಕಿವಿಗೆ ಓಲೆ ಹಾಕೋಕೆ ಬರ್ತಾರಲ್ಲ, ಅಷ್ಟರೊಳಗೆ ನೀನೇ ತೂಗಿ ನೋಡು."

ಅದೇ ಸಂಕಟ. ಬಾಲಿಕ್ಚಿ ಊರಿನ ಒಂದು ಮನೆಯವರು ಮಗನಿಗೆ ಅವಳನ್ನು ಕೇಳಿದ್ದರು. ಹುಡುಗ ಒಳ್ಳೆಯವನೇ, ಅವನನ್ನು ಕಂಡರೆ ಇವಳಿಗೆ ಕೋಪವೂ ಬರುತ್ತಿರಲಿಲ್ಲ, ನಗುವೂ ಬರುತ್ತಿರಲಿಲ್ಲ. ಅವನ ತಾಯಿ ಬಂದು ಕಿವಿಗೆ ಓಲೆ ಹಾಕಿದರೆ ಮುಗಿಯಿತು, ಮಾತು ಕೊಟ್ಟಂತೆ. ಬರಬಹುದೋ ಬೇಡವೋ ಎಂದು ಶನಿವಾರ ಸಂಜೆಯೊಳಗೆ ಹೇಳು ಎಂದು ಅಮ್ಮ ಗಡುವು ಕೊಟ್ಟಿದ್ದಳು.

ಬುರುಲಾಯ್ ಹೊಸದೊಂದು ಕಾದಂಬರಿಯನ್ನು ಚೀಲಕ್ಕೆ ಹಾಕಿಕೊಂಡು, ಎರ್ಮೆಕ್ ಕೆಲಸ ಮಾಡಿ ಅಲ್ಲೇ ವಾಸವಿದ್ದ ಬೆಟ್ಟದ ಬುಡದ ವರ್ಕ್‌ಶಾಪಿಗೆ ಹೋದಳು. ಹುಡುಗಿಯನ್ನು ಕಣ್ಣಾರೆ ನೋಡಿಬಿಡಬೇಕೆಂಬುದು ಅವಳ ಹಟ.

ಎರ್ಮೆಕ್ ಅವಳನ್ನು ಕಂಡು ಕೈಯಲ್ಲಿದ್ದ ಸ್ಪ್ಯಾನರ್ ಕಾಲ ಮೇಲೆ ಬೀಳಿಸಿಕೊಂಡ.

"ನಿಮ್ಮ ಅಣ್ಣನ ಮಗಳಿಗೆ ಪುಸ್ತಕ ತಂದಿದೀನಿ. ಎಲ್ಲಿ ಅವಳು?"

"ಅವಳು... ಇಲ್ಲ."

"ಶಾಲೆಗೆ ಹೋಗಿದಾಳಾ?"

"ಹೂಂ. ಶಾಲೆಗೆ."

"ರಜಾ ದಿನ ಕೂಡ? ಜಾಣೆ ಬಿಡಿ."

ಅವನು ಸ್ಟೂಲು ಒರೆಸಿ ಕೂರಿಸಿದ. ರೊಟ್ಟಿ ಮುರಿದಿಟ್ಟ, ಏಪ್ರಿಕಾಟ್ ಜಾಮ್ ಇಟ್ಟ. ಆಮೇಲೆ ಚಹಾ ಸುರಿದ. ಸುರಿದ, ಸುರಿದ, ಬಟ್ಟಲಿನ ಅಂಚು ಮುಟ್ಟುವವರೆಗೂ ಸುರಿದು ಎರಡೂ ಕೈಯಲ್ಲಿ ಅವಳ ಮುಂದಿಟ್ಟ.

ಬುರುಲಾಯ್ ಆ ಬಟ್ಟಲನ್ನೇ ನೋಡಿದಳು. ತುಂಬಿದ ಬಟ್ಟಲೆಂದರೆ ಕುಡಿದು ಎದ್ದು ಹೋಗು ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಬೇಡದ ನೆಂಟರಿಗೆ ಹೀಗೆ ಕೊಡುವುದು. ನಾಲಿಗೆ ಸುಟ್ಟುಕೊಂಡು ಅರ್ಧ ಕುಡಿದಳೋ ಇಲ್ಲವೋ, ಅವನು ಮತ್ತೆ ಅಂಚಿನವರೆಗೆ ತುಂಬಿಸಿದ.

"ಅರ್ಥವಾಯ್ತು," ಎಂದು ಎದ್ದಳು. "ಒಂದು ಸಲ ಹೇಳಿದ್ರೆ ಸಾಕಿತ್ತು. ನಾನೇನು ಕಿವುಡಿ ಅಲ್ಲ."

"ಏನಾಯ್ತು? ಜಾಮ್ ಚೆನ್ನಾಗಿಲ್ವಾ?" ಎಂದು ಅವನು ಹಿಂದೆಯೇ ಬಂದ. ಅವಳು ತಿರುಗಿ ನೋಡಲಿಲ್ಲ. ಪುಸ್ತಕ ಅಲ್ಲೇ ಉಳಿಯಿತು. ಎಷ್ಟು ನಾಚಿಕೆಯಾಗಿತ್ತೆಂದರೆ, ದಾರಿಯುದ್ದಕ್ಕೂ ಅವಳಿಗೆ ಅಳುವೂ ಬರಲಿಲ್ಲ.

ಶನಿವಾರ ಸಂಜೆ ಗ್ರಂಥಾಲಯ ಮುಚ್ಚುವ ಹೊತ್ತಿಗೆ ಅಮ್ಮನಿಗೆ ಫೋನ್ ಮಾಡಿದಳು. "ಬರೋಕೆ ಹೇಳು" ಎಂಬ ಎರಡು ಮಾತು ನಾಲಿಗೆಯ ತುದಿಯಲ್ಲಿತ್ತು. ಅತ್ತ ಅಮ್ಮ "ಹಲೋ" ಎಂದಳು. ಇತ್ತ ಬಾಗಿಲು ದಡಾರನೆ ತೆರೆದು ಎರ್ಮೆಕ್ ಒಳಗೆ ಬಂದ. ಮೈಮೇಲೆ ಗ್ರೀಸ್ ಮೆತ್ತಿದ ಕೆಲಸದ ಅಂಗಿ, ಕಂಕುಳಲ್ಲಿ ಅವಳು ಬಿಟ್ಟುಬಂದ ಪುಸ್ತಕ.

"ನಾನು ಮೂರ್ಖನಾಗಿರುವೆನು!" ಎಂದ, ಕಿರ್ಗಿಜ್‌ನಲ್ಲಿ.

ಬುರುಲಾಯ್ ಬೆಚ್ಚಿಬಿದ್ದಳು. ಅವನ ಬಾಯಲ್ಲಿ ಆ ಭಾಷೆಯನ್ನು ಒಂದು ದಿನವೂ ಕೇಳಿರಲಿಲ್ಲ. ಮಾತು ಥೇಟ್ ಮಕ್ಕಳ ಕಾದಂಬರಿಯದು, ಒಂದೊಂದು ಪದವನ್ನೂ ಕಲ್ಲು ಹೊತ್ತಂತೆ ಹೊತ್ತು ಇಳಿಸುತ್ತಿದ್ದ. ಅವನು ಪುಟ ತೆರೆದು ಗ್ರೀಸಿನ ಬೆರಳಿಟ್ಟು ತೋರಿಸಿದ. ಹುಡುಗನೊಬ್ಬ ಜಿಪುಣ ಚಿಕ್ಕಪ್ಪನ ಮನೆಗೆ ಹೋಗುತ್ತಾನೆ. ಚಿಕ್ಕಮ್ಮ ಬಟ್ಟಲು ತುಂಬಾ ಚಹಾ ಕೊಡುತ್ತಾಳೆ. ಹುಡುಗ ಅರ್ಥಮಾಡಿಕೊಂಡು ಹಿಮದಲ್ಲೇ ಹೊರಟುಬಿಡುತ್ತಾನೆ.

"ಓಮ್ಸ್ಕ್‌ನಲ್ಲಿ ಅಜ್ಜಿ ಇಲ್ಲ. ಯಾರೂ ಹೇಳಲಿಲ್ಲ. ಅಲ್ಲಿ ತುಂಬಿದರೆ ಪ್ರೀತಿ. ನಾನು ನಿಮ್ಮನ್ನು... ಜಿಪುಣಿ ಎಂದು ಭಾವಿಸಿದ್ದೆನು."

"ನಾನು ಜಿಪುಣಿನಾ?"

"ಎರಡು ಗುಟುಕು ಕೊಟ್ಟಿರಿ!"

ಬುರುಲಾಯ್ ನಗು ನುಂಗಿಕೊಂಡಳು. ಇನ್ನೂ ಒಂದು ಮುಳ್ಳು ಉಳಿದಿತ್ತು. "ನಿಮ್ಮ ಅಣ್ಣನ ಮಗಳು?"

"ಅಣ್ಣನೇ ಇಲ್ಲ." ಅವನು ಎದೆ ಮುಟ್ಟಿಕೊಂಡ. "ಓದುವ ಹುಡುಗಿ ನಾನೇ."

"ಯಾಕೆ?"

ಅವನು ಚಾವಣಿ ನೋಡಲಿಲ್ಲ. ಮೊದಲ ಬಾರಿಗೆ ಅವಳ ಕಣ್ಣನ್ನೇ ನೋಡಿದ. "ನೀವು ಮಕ್ಕಳಿಗೆ ಓದುವಿರಿ. ನಡುವೆ ನಗುವಿರಿ. ಮಕ್ಕಳೂ ನಗುವರು. ನಾನೊಬ್ಬನೇ ಬಾಗಿಲಲ್ಲಿ ನಿಂತಿರುವೆನು. ನೀವು ಏಕೆ ನಗುವಿರೆಂದು ನನಗೆ ತಿಳಿಯಬೇಕಿತ್ತು." ಮುಂದಿನ ಪದಕ್ಕೆ ತಡಕಾಡಿ, ಸಿಗದೆ, ಸುಮ್ಮನೆ ಹೇಳಿದ, "ನೀವೆಂದರೆ ನನಗೆ ಪ್ರಾಣ."

"ಬುರುಲಾಯ್! ಯಾರೇ ಅದು? ನಾಳೆ ಬರ್ಬೇಕಾ ಬೇಡ್ವಾ, ಅವರಿಗೆ ಏನಂತ ಹೇಳ್ಲಿ?" ಎಂದು ಫೋನಿನೊಳಗಿಂದ ಅಮ್ಮ ಕೂಗಿಕೊಂಡಳು. ಬುರುಲಾಯ್ ಫೋನ್ ಇಟ್ಟಿರಲೇ ಇಲ್ಲ.

"ಬೇಡ ಅನ್ನು, ಅಮ್ಮ. ಬೈಬೇಡ, ಮನೆಗೆ ಬಂದು ಹೇಳ್ತೀನಿ."

ಎರ್ಮೆಕ್ ಕಿಟಕಿಯ ಬಳಿಯ ಕೆಟಲ್ ಎತ್ತಿಕೊಂಡ. ಉಸಿರು ಬಿಗಿಹಿಡಿದು, ಬಟ್ಟಲಿನ ತಳ ನೆನೆಯುವಷ್ಟೇ ಸುರಿದು, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ.

ಬುರುಲಾಯ್ ಇಣುಕಿ ನೋಡಿದಳು. ಅದರಲ್ಲಿ ಒಂದು ಗುಟುಕೂ ಇರಲಿಲ್ಲ.

"ಇಷ್ಟೇನಾ?" ಎಂದಳು.

"ಇಷ್ಟೇ. ನೀವು ಹೋಗಲೇಬಾರದು."

ಅವಳು ಕುಡಿದು ಬಟ್ಟಲನ್ನು ಮತ್ತೆ ಚಾಚಿದಳು.