ಸರ್ವರ್‌ಗೆ ಅಂಟಿಸಿದ ಚೀಟಿ

ವಿಜಯದಶಮಿಯ ರಜೆ ಬಿಟ್ಟು ನಾನು ಚಿತ್ರದುರ್ಗದಿಂದ ಹೊಸದುರ್ಗದ ಬಸ್ಸು ಹತ್ತಿದ್ದು ಅಲ್ಲಿನ ನಮ್ಮ ಆಫೀಸಿನ ಓಬಳೇಶನಿಗೆ ಬೈಯಲಿಕ್ಕೆ.

ನಮ್ಮದು ಗಾಳಿ ವಿದ್ಯುತ್ ಕಂಪನಿ. ನಾಲ್ಕು ಊರುಗಳಲ್ಲಿ ಆಫೀಸು, ಮುನ್ನೂರು ಲಿನಕ್ಸ್ ಕಂಪ್ಯೂಟರು, ಎಲ್ಲಕ್ಕೂ ಒಂದೇ ರೂಟ್ ಪಾಸ್‌ವರ್ಡು, ಅಂದರೆ ಎಲ್ಲ ಬೀಗಕ್ಕೂ ಒಂದೇ ಕೀಲಿ. ಅವುಗಳ ಸುರಕ್ಷತೆ ನೋಡಿಕೊಳ್ಳುವವಳು ನಾನು. ಅದು ಸಿಕ್ಕವನು ಹೊಳಲ್ಕೆರೆಯಲ್ಲಿ ಕೂತು ಹಿರಿಯೂರಿನ ಗಾಳಿಯಂತ್ರ ನಿಲ್ಲಿಸಬಹುದು. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೊಡಿ ಎಂದು ಮೂರು ಸಲ ಮೇಲ್ ಹಾಕಿದ್ದೆ. ಮ್ಯಾನೇಜರ್ ಪ್ರಸನ್ನಕುಮಾರ್ ನಕ್ಕು, "ಲಿನಕ್ಸಿಗೆ ವೈರಸ್ ಬರಲ್ಲ, ಬಿಡಮ್ಮ ಯಮುನಾ" ಅಂದಿದ್ದರು. ಆ "ಬಿಡಮ್ಮ" ನಾನಿನ್ನೂ ಮರೆತಿರಲಿಲ್ಲ.

ಹಿಂದಿನ ದಿನ ಸಂಜೆ ಓಬಳೇಶ್ ಆಯುಧಪೂಜೆ ಮಾಡಿದ ಸರ್ವರಿನ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದ. ಚೆಂಡುಹೂವು, ವಿಭೂತಿ, ಕುಂಕುಮ. ನಡುವೆ ಪಾಸ್‌ವರ್ಡ್ ಬರೆದು ಅಂಟಿಸಿದ ಚೀಟಿ. ಸಿಟ್ಟಿನಲ್ಲಿ ಅದನ್ನು ಮ್ಯಾನೇಜರಿಗೆ ಕಳಿಸಿಬಿಟ್ಟೆ. "ಅವನದೇ ತಪ್ಪು ಅಂತ ರಿಪೋರ್ಟ್ ಬರಿ. ಕಾಂಟ್ರ್ಯಾಕ್ಟ್ ಹುಡುಗ, ತೆಗೆದಾಕಾಣ" ಅಂದರು.

ಹೊಸದುರ್ಗದ ಆಫೀಸಿನಲ್ಲಿ, ರಜೆಯಲ್ಲೂ ಡ್ಯೂಟಿಯಲ್ಲಿದ್ದ ಓಬಳೇಶ್ ನನಗಾಗಿ ಕುರ್ಚಿ ಒರೆಸಿದ. "ಕುಂತ್ಕಳ್ರಿ."

"ಕೂರಾಕೆ ಬಂದಿಲ್ಲ. ಊರಿಗೆಲ್ಲ ಪಾಸ್‌ವರ್ಡ್ ತೋರಿಸೀರಲ್ಲ, ಬುದ್ಧಿ ಐತಾ?"

ಅವನು ಫೋನು ಮುಂದೆ ಹಿಡಿದ. ಸ್ಟೇಟಸ್ ನೋಡಿದವರು ಒಬ್ಬರೇ. ನನ್ನ ಹೆಸರು.

"ಬೇರೆ ಯಾರಿಗೂ ಕಾಣ್ದಂಗೆ ಹಾಕಿದ್ದೆ. ಹೂವು ನಾನೇ ಕಟ್ಟಿದ್ದು, ನೀವು ನೋಡ್ಲಿ ಅಂತ. ಚೀಟಿ ಕಡೆ ಕಣ್ಣೇ ಹೋಗ್ಲಿಲ್ಲ. ತಪ್ಪೇ ಅದು."

ನನಗೊಬ್ಬಳಿಗೇ ತೋರಿಸಿದ್ದನ್ನು ದೂರು ಮಾಡಿ ಅವನ ಕೆಲಸ ಕಳೆಯಲು ಹೊರಟಿದ್ದೆ. ಬಗ್ಗಿ ಚೀಟಿ ನೋಡಿದೆ. ಫೋಟೊದಲ್ಲಿ ಗುರುತು ಸಿಕ್ಕಿರಲಿಲ್ಲ, ಅಕ್ಷರ ಪ್ರಸನ್ನಕುಮಾರರದು!

"ಇದನ್ನ ಯಾಕೆ ಕಿತ್ತಾಕ್ಲಿಲ್ಲ?"

"ಸಾಹೇಬ್ರೇ ಅಂಟ್ಸಿದ್ದು. ಕಾಂಟ್ರ್ಯಾಕ್ಟ್‌ನೋನು ಮುಟ್ಟಾಕಾಗುತ್ತಾ?"

ನಾನು ಕಿತ್ತೆ. ಅಲ್ಲೇ ಕೂತು ರಿಪೋರ್ಟ್ ಬರೆದೆ: ಚೀಟಿ ಬರೆದವರು ಯಾರು, ನನ್ನ ಮೂರು ಮೇಲ್‌ಗಳು ಏನಾದವು, ಫೋಟೊವನ್ನು ವಿಚಾರಿಸದೆ ಮುಂದೆ ಕಳಿಸಿದವಳು ಯಾರು. ನೇರ ಹೆಡ್ಡಾಫೀಸಿಗೆ ಕಳಿಸಿದೆ. ಆಮೇಲೆ ಆ ಸರ್ವರಿನ ಹಳೆಯ ಪಾಸ್‌ವರ್ಡ್ ಬದಲಿಸಿ, ಓಬಳೇಶನ ಹೆಸರಿನಲ್ಲಿ ಮೊದಲ ಲಾಗಿನ್ ತೆರೆದೆ.

"ಹೊಸ ಪಾಸ್‌ವರ್ಡ್ ಹಾಕ್ರಿ. ಯಾರಿಗೂ ಹೇಳ್ಬೇಡ್ರಿ."

"ನಿಮಗೂ?"

"ನನಗೂ."

ಅವನು ಪಾಸ್‌ವರ್ಡ್ ಒತ್ತುವಾಗ ನಾನು ಬೇರೆ ಕಡೆ ನೋಡಬೇಕು. ನಿಯಮ ಬರೆದವಳು ನಾನೇ. ಕೀಬೋರ್ಡ್ ನೋಡಲಿಲ್ಲ, ಅವನ ಮುಖ ನೋಡಿದೆ. ಅವನೂ ನೋಡಿದ. ಪಾಸ್‌ವರ್ಡ್ ಎರಡು ಸಲ ತಪ್ಪಿತು.

"ನಾಳೆ ಕೆಲ್ಸ ಇರುತ್ತೋ ಇಲ್ವೋ" ಅಂದ.

"ಇಬ್ರಿಗೂ ಇಲ್ಲ ಅಂದ್ರೂ ಸರಿ," ಅಂದೆ. "ನೀವು ಹೂವು ಕಟ್ಟಿ ಸ್ಟೇಟಸ್ ಹಾಕ್ರಿ. ನಾನೊಬ್ಳೇ ನೋಡ್ತೀನಿ."