ತಾತ ಕಣ್ಣು ತೆರೆಯುವವರೆಗೆ

"ಆ ಗಿಡಕ್ಕೆ ಏನಾದ್ರೂ ಹಾಕಿದ್ರಾ?"

ಬಂದವನೇ ಹೀಗೆ ಕೇಳಿದ. ಗಡಿಯಾರ ರಿಪೇರಿಯವನು ಎಂದೂ ಹೀಗೆ ಬಂದವನಲ್ಲ. ಬಾಗಿಲಲ್ಲಿ ಚಪ್ಪಲಿಯ ಮಣ್ಣು ಒರೆಸಿ, ಮೇಲಿಂದ ಇಳಿಬಿದ್ದ ಬಳ್ಳಿಗಳಿಗೆ ತಲೆ ತಗಲದಂತೆ ಬಗ್ಗಿ, ಮೊದಲು ಗಿಡದಂಗಡಿಯವಳ ಸೋದರತ್ತೆಯ ಮಂಡಿನೋವು ವಿಚಾರಿಸಿ, ಆಮೇಲೆ ಅವಳ ಕಡೆ ತಿರುಗುವುದು ಅವನ ಕ್ರಮ. ಇವತ್ತು ತಲೆಗೆ ತಾಗಿ ಎರಡು ಎಲೆ ಉದುರಿದ್ದು ಕೂಡ ಅವನ ಗಮನಕ್ಕೆ ಬರಲಿಲ್ಲ.

ಗಿಡದಂಗಡಿಯವಳು ಕೈಯಲ್ಲಿದ್ದ ಕುಂಡವನ್ನು ಕೆಳಗಿಟ್ಟಳು. "ಯಾಕೆ? ಏನಾಯ್ತು?"

"ತಾತ ನಿನ್ನೆಯಿಂದ ಕಣ್ಣು ಬಿಟ್ಟಿಲ್ಲ. ಮೈಯೆಲ್ಲ ಕಪ್ಪಿಟ್ಟಿದೆ."

ತಾತ ಅಂದರೆ ಅವನು ಸಾಕಿದ ಊಸರವಳ್ಳಿ. ದೂರದ ದೇಶದ ಜಾತಿ. ತಲೆಯ ಮೇಲೆ ಟೋಪಿಯಂಥ ಜುಟ್ಟು, ಒಂದು ಹೆಜ್ಜೆ ಇಡಲು ನಾಲ್ಕು ಸಲ ಯೋಚಿಸುವ ನಡಿಗೆ. ಹೆಸರು ಬಂದದ್ದು ಅದರಿಂದಲೇ. ತಾಯಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಅವನ ದಾರಿ ನೋಡುವ ಜೀವ ಅದೊಂದೇ ಉಳಿದಿತ್ತು. ಕೆಲಸದ ಮೇಜಿನ ಪಕ್ಕದಲ್ಲೇ ಅದರ ಬಲೆಯ ಗೂಡು. ಅವನು ಸಣ್ಣ ಸಣ್ಣ ಚಕ್ರಗಳನ್ನು ಚಿಮಟದಲ್ಲಿ ಹಿಡಿದು ಕೂತರೆ, ತಾತ ಒಂದು ಕಣ್ಣು ಅವನ ಕಡೆ, ಇನ್ನೊಂದು ಕಣ್ಣು ಕಿಟಕಿಯ ಕಡೆ ಇಟ್ಟು ಕಾವಲು ಕಾಯುತ್ತಿತ್ತು.

ಆ ಗೂಡಿಗೆ ಇಡಲು ಶನಿವಾರ ಸಂಜೆ ಅವನು ಇವಳಿಂದ ಕೊಡೆಯಂತೆ ಎಲೆ ಹರಡುವ ಒಂದು ಅಂಬ್ರೆಲಾ ಗಿಡ ಒಯ್ದಿದ್ದ.

"ಏನಾದ್ರೂ ಹಾಕಿದ್ರಾ?" ಮತ್ತೆ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಅಂಜಿಕೆ ಇತ್ತು.

"ಏನೂ ಹಾಕಿಲ್ಲ," ಅಂದಳು.

ಬಾಯಿಂದ ಬಂದ ಮೇಲೆ ನೆನಪಾಯಿತು. ಶುಕ್ರವಾರದ ಸಂಜೆ. ಆ ಗಿಡ. ಬಿಳಿ ಬಟ್ಟೆ. ಹಸಿರು ಮುಚ್ಚಳದ ಬಾಟಲಿ.

ಅವನು ದೀರ್ಘವಾಗಿ ಉಸಿರುಬಿಟ್ಟ. "ತಪ್ಪು ತಿಳೀಬೇಡಿ. ಒಂದು ಗಳಿಗೆ ನಿಮ್ಮ ಮೇಲೇ ಅನುಮಾನ ಬಂದುಬಿಡ್ತು. ಎರಡು ತಿಂಗಳು ಅಷ್ಟು ಜೋಪಾನ ಮಾಡಿದೋರು ನೀವು. ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ." ಹೊರಟವನು ಬಾಗಿಲಲ್ಲಿ ನಿಂತು, ಉದುರಿದ ಎರಡು ಎಲೆಗಳನ್ನು ಹೆಕ್ಕಿ ಪಕ್ಕದ ಕುಂಡದ ಮಣ್ಣಿನ ಮೇಲಿಟ್ಟು ಹೋದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಎರಡು ಎಲೆಗಳನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

ಮೊದಲ ಸಲ ಬಂದಾಗಲೇ ಅವನು ಬಿಡಿಸಿ ಹೇಳಿದ್ದ. "ತಾತ ಬಟ್ಟಲಲ್ಲಿಟ್ಟ ನೀರು ಮೂಸಿಯೂ ನೋಡಲ್ಲ. ಎಲೆಗೆ ನೀರು ಚಿಮುಕಿಸಬೇಕು, ಅಲ್ಲಿ ನಿಂತ ಹನಿ ನೆಕ್ಕುತ್ತೆ. ಹಾಗಾಗಿ ಎಲೆಗೆ ಔಷಧಿ ಗಿವುಷಧಿ ಏನೂ ಸೋಕಿರಬಾರದು." ಅವಳು ಎರಡು ಗಿಡ ಆರಿಸಿ, ಬೇರಿನ ಮಣ್ಣೆಲ್ಲ ತೊಳೆದು, ಹೊಸ ಮಣ್ಣಿಗೆ ಹಾಕಿ, ಹಿತ್ತಲ ಮೂಲೆಯಲ್ಲಿ ಬೇರೆಯೇ ಇಟ್ಟಳು. ಒಂದಕ್ಕೇನಾದರೂ ಆದರೆ ಇನ್ನೊಂದಿರಲಿ ಎಂದು. ದಿನವೂ ಬರೀ ನೀರಿನಲ್ಲಿ ಎಲೆ ತೊಳೆದಳು. ಆರು ವಾರಕ್ಕೆ ಗಿಡ ಸಿದ್ಧವಾಗಿತ್ತು. "ಇನ್ನೂ ಎರಡು ವಾರ ಬೇಕು" ಎಂದು ಅವನಿಗೆ ಹೇಳಿದ್ದು ಗಿಡಕ್ಕಾಗಿ ಅಲ್ಲ.

ಆ ಎರಡು ವಾರದಲ್ಲಿ ಅವನು ಒಂಬತ್ತು ಸಲ ಬಂದಿದ್ದ. ನಿಂತೇ ಹೋಗಿದ್ದ ಅಂಗಡಿಯ ಗೋಡೆ ಗಡಿಯಾರವನ್ನು ಯಾರೂ ಕೇಳದೆಯೇ ಇಳಿಸಿ ಸರಿಮಾಡಿದ್ದ. "ಊಸರವಳ್ಳಿ ಸಾಕೋನು ಕಣೇ, ಹುಷಾರು. ಇವತ್ತೊಂದು ಬಣ್ಣ, ನಾಳೆ ಒಂದು ಬಣ್ಣ," ಎಂದು ಅತ್ತೆ ಛೇಡಿಸಿದರೆ, "ಅವರು ದಿನಾ ಅದೇ ನೀಲಿ ಅಂಗೀಲೇ ಬರ್ತಾರಲ್ಲ ಅತ್ತೆ," ಎಂದು ಇವಳು ಬಾಯಿ ಜಾರಿ ಸಿಕ್ಕಿಬಿದ್ದಿದ್ದಳು.

ಶುಕ್ರವಾರ ನೋಡಿದರೆ ಎಲೆಗಳ ಮೇಲೆಲ್ಲ ಗಡಸು ನೀರಿನ ಬಿಳಿ ಕಲೆ. ನಾಳೆ ಅವನು ಬರುತ್ತಾನೆ, ಏನು ಹೇಳುತ್ತಾನೆ, ತಾನು ಏನು ಹೇಳಬೇಕು ಎಂದುಕೊಳ್ಳುತ್ತ ಕೂತಿದ್ದಾಗ ಕೈ ತನ್ನ ಪಾಡಿಗೆ ಬಾಟಲಿ ಎತ್ತಿಕೊಂಡಿತ್ತು. ಎಲೆಗೆ ಹೊಳಪು ಕೊಡುವ ಎಣ್ಣೆ ಅದು. ಅಂಗಡಿಯಿಂದ ಹೊರಡುವ ಪ್ರತಿಯೊಂದು ಗಿಡವನ್ನೂ ಹಾಗೆ ಒರೆಸಿ ಕಳಿಸುವುದು ಹನ್ನೆರಡು ವರ್ಷದ ರೂಢಿ. ಕೈಗೆ ಗಿಡ ಮಾತ್ರ ಗೊತ್ತಿತ್ತು. ಮನಸ್ಸು ಬೇರೆಲ್ಲೋ ಇತ್ತು.

ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಹೇಳಿದರೆ ಅವನು ಮತ್ತೆ ಈ ಬಾಗಿಲಿಗೆ ಬರುವುದಿಲ್ಲ. ಹೇಳದಿದ್ದರೆ ತಾತ ಉಳಿಯುವುದಿಲ್ಲ.

ಅವಳು ಬಾಟಲಿ ತೆಗೆದುಕೊಂಡು ಎದ್ದಳು. "ಅತ್ತೆ, ಅಂಗಡಿ ನೋಡ್ಕೊ."

"ಮುಖ ಯಾಕೆ ಹಾಗಿದೆ? ಎಲ್ಲಿಗೆ?"

"ಸುಳ್ಳು ಹೇಳಿದ್ದೀನಿ. ವಾಪಸ್ ತಗೊಳ್ಳೋಕೆ."

ಅತ್ತೆ ಅವಳ ಕಾಲಿಗೆ ಸಿಗುವ ಹಾಗೆ ಚಪ್ಪಲಿಯನ್ನು ನೂಕಿಕೊಟ್ಟಳು.

ಪ್ರಾಣಿಗಳ ಆಸ್ಪತ್ರೆ ಎರಡು ಬೀದಿ ಆಚೆ. ಒಳಗೆ ಡಾಕ್ಟರಮ್ಮ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮೇಜಿನ ಮೇಲೆ ಬಾಗಿದ್ದರು. ಟವೆಲಿನ ಮೇಲೆ ತಾತ ಒಣಗಿದ ಎಲೆಯ ಹಾಗೆ ಸುರುಟಿಕೊಂಡಿತ್ತು. ಕಣ್ಣಿನ ಗುಬುಟು ಎರಡೂ ಒಳಕ್ಕೆ ಇಳಿದಿದ್ದವು.

"ಸೋಂಕು ಇರಬಹುದು. ಒಂದು ಇಂಜೆಕ್ಷನ್ ಕೊಟ್ಟು ನೋಡೋಣ," ಎನ್ನುತ್ತಿದ್ದರು ಡಾಕ್ಟರಮ್ಮ.

"ಸೋಂಕಲ್ಲ ಡಾಕ್ಟ್ರೇ." ಅವಳು ಬಾಟಲಿಯನ್ನು ಮೇಜಿನ ಮೇಲಿಟ್ಟಳು. "ಗಿಡದ ಎಲೆಯನ್ನೆಲ್ಲ ಇದರಲ್ಲಿ ಒರೆಸಿದ್ದೆ. ನಾನೇ."

ಅವನು ಅವಳ ಕಡೆ ನೋಡಲಿಲ್ಲ. ಬಾಟಲಿಯನ್ನು ನೋಡಿದ.

ಡಾಕ್ಟರಮ್ಮ ಕನ್ನಡಕ ಇಳಿಸಿಕೊಂಡು ಲೇಬಲ್ಲನ್ನು ಎರಡು ಸಲ ಓದಿದರು. ತುಂಬಿಟ್ಟಿದ್ದ ಸಿರಿಂಜನ್ನು ಬದಿಗಿಟ್ಟರು. "ಒಳ್ಳೇದಾಯ್ತು ಬಂದಿದ್ದು. ಇದು ಹೊಟ್ಟೆ ಸೇರಿರುವಾಗ ಆ ಇಂಜೆಕ್ಷನ್ ಕೊಟ್ಟಿದ್ದರೆ ಮೂತ್ರಪಿಂಡ ತಡೀತಿರಲಿಲ್ಲ. ಚರ್ಮದ ಕೆಳಗೆ ನೀರು ಕೊಡ್ತೀನಿ. ಬೆಚ್ಚಗೆ ಇರಲಿ. ಸಂಜೆಯೊಳಗೆ ಕಣ್ಣು ಬಿಟ್ಟು ತಾನಾಗಿ ನೀರು ಕುಡಿದರೆ ಗೆದ್ದ ಹಾಗೆ."

ಹೊರಗಿನ ಬೆಂಚಿನಲ್ಲಿ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ. ಎದುರಿಗೆ ಯಾರದೋ ಬೆಕ್ಕು ಬುಟ್ಟಿಯೊಳಗಿಂದ ಗುರುಗುಟ್ಟುತ್ತಿತ್ತು.

"ಬೆಳಿಗ್ಗೆ ಯಾಕೆ ಹೇಳಲಿಲ್ಲ?" ಅವನು ನೆಲ ನೋಡುತ್ತ ಕೇಳಿದ.

"ನೀವು ಮತ್ತೆ ಬರಲ್ಲ ಅಂತ ಹೆದರಿಕೆ ಆಯ್ತು."

"ತಾತ ಸತ್ತು, ನಾನು ಬರ್ತಾ ಇದ್ದಿದ್ದರೆ ಸಾಕಿತ್ತಾ ನಿಮಗೆ?"

ಅವಳ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ. ಇವತ್ತು ಅಳುವ ಹಕ್ಕು ತನ್ನದಲ್ಲ ಅನ್ನಿಸಿತ್ತು.

ಅವನೇ ಮತ್ತೆ ಕೇಳಿದ. "ಒರೆಸಿದ್ದಾದರೂ ಯಾಕೆ?"

"ಕಲೆ ಇತ್ತು. ಚೆನ್ನಾಗಿ ಕಾಣ್ಲಿ ಅಂತ."

"ತಾತನಿಗಾ?"

"ತಾತನಿಗೆ ಹೊಳಪು ಕಟ್ಕೊಂಡು ಏನಾಗ್ಬೇಕು." ಅವಳು ಬೆರಳುಗಳನ್ನು ಹೆಣೆದುಕೊಂಡಳು. "ನೀವು ನೋಡ್ತೀರ ಅಂತ. ನೀವು ಬರೋ ದಿನ ಅಂಗಡಿ ಎರಡೆರಡು ಸಲ ಗುಡಿಸ್ತೀನಿ. ಆರೇ ವಾರಕ್ಕೆ ಸಿದ್ಧವಾಗಿತ್ತು ಆ ಗಿಡ. ಅದೂ ಸುಳ್ಳು ಹೇಳಿದ್ದೆ. ಇನ್ನೇನೂ ಉಳಿದಿಲ್ಲ, ಎಲ್ಲ ಹೇಳಿಬಿಟ್ಟೆ."

ಅವನು ಮೊದಲ ಬಾರಿಗೆ ಅವಳ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಕರೆ ಬಂತು.

ತಾತನ ಮೈಯ ಕಪ್ಪು ಕೊಂಚ ತಿಳಿಯಾಗಿತ್ತು. ಒಂದು ಕಣ್ಣು ಸಾಸಿವೆಯಷ್ಟು ಬಿರಿದಿತ್ತು. ಡಾಕ್ಟರಮ್ಮ ಹನಿ ನೀರನ್ನು ಬಾಯಿಯ ಬಳಿ ಹಿಡಿದರೆ ಮುಖ ತಿರುಗಿಸಿತು. "ಹಟಮಾರಿ. ಎಲೆಯೇ ಬೇಕಂತೆ ಇದಕ್ಕೆ. ಶುದ್ಧವಾಗಿರೋ ಎಲೆ ಎಲ್ಲಾದರೂ ಸಿಗುತ್ತಾ?"

"ಇದೆ," ಅಂದವಳು ಓಡಿದಳು.

ಹಿತ್ತಲ ಮೂಲೆಯಲ್ಲಿ ಆ ಇನ್ನೊಂದು ಗಿಡ ಹಾಗೇ ನಿಂತಿತ್ತು. ಒಂದು ರೆಂಬೆಯನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಏದುಸಿರು ಬಿಡುತ್ತ ಬಂದು ಅವನ ಮುಂದೆ ಹಿಡಿದಳು.

ಅವನು ರೆಂಬೆಯನ್ನು ನೋಡಿದ. ಕೈ ಚಾಚಲಿಲ್ಲ. ಕೋಣೆಯಲ್ಲಿ ತಾತನಿಗೆ ಕಾವು ಕೊಡುವ ದೀಪದ ಸಣ್ಣ ಗುಂಯ್ ಸದ್ದು.

"ಇದಕ್ಕೆ ಏನಾದ್ರೂ ಹಾಕಿದ್ರಾ?"

"ಏನೂ ಹಾಕಿಲ್ಲ."

ಬೆಳಿಗ್ಗೆಯ ಅದೇ ಮಾತು. ತನ್ನ ಕಿವಿಗೇ ಅದು ಪೊಳ್ಳಾಗಿ ಕೇಳಿಸಿತು. ನಂಬಿಸಲು ಬೇರೆ ಮಾತು ಹೊಳೆಯದೆ, ಒಂದು ಎಲೆಯನ್ನು ಎತ್ತಿ ತನ್ನ ನಾಲಿಗೆಯ ಬಳಿಗೇ ತಂದಳು.

ಅವನು ಅವಳ ಮಣಿಕಟ್ಟನ್ನು ಹಿಡಿದುಕೊಂಡ. ಗಡಿಯಾರದ ಮುಳ್ಳು ಹಿಡಿಯುವಷ್ಟೇ ಮೆಲ್ಲಗೆ. "ಬೇಡ. ನೀವು ಹೇಳಿದ್ರಲ್ಲ, ಸಾಕು."

ರೆಂಬೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ಎಲೆಯ ತುಂಬ ಬಿಳಿ ಬಿಳಿ ಕಲೆ. ಬೆಳಗಿನಿಂದ ಮೊದಲ ಸಲ ಅವನ ತುಟಿ ಸಡಿಲವಾಯಿತು. "ಕಲೆಯೇ ಚೆನ್ನಾಗಿದೆ."

ನೀರು ಚಿಮುಕಿಸುವ ಸೀಸೆಯನ್ನು ಅವನು ಅವಳ ಕೈಗೇ ಕೊಟ್ಟ. ಅವಳು ಒತ್ತಿದಳು. ಹನಿಗಳು ಎಲೆಯ ತುದಿಗೆ ಜಾರಿ ನಿಂತವು. ತಾತ ಅಲುಗಲಿಲ್ಲ. ಒಂದು ಹನಿ ಉದುರಿತು. ಇನ್ನೊಂದು ಕೂಡಿಕೊಂಡಿತು. ಅದೂ ಉದುರಿತು.

ಮೂರನೆಯ ಹನಿಗೆ ತಾತನ ಗಂಟಲು ಮಿಸುಕಿತು. ನಾಲಿಗೆ ಎಲೆಯನ್ನು ಸವರಿತು. ಮತ್ತೊಮ್ಮೆ. ಆಮೇಲೆ ಹೊತ್ತು ತೆಗೆದುಕೊಂಡು, ನಾಲ್ಕು ಸಲ ಯೋಚಿಸಿ, ಎರಡು ಕಣ್ಣನ್ನೂ ತೆರೆಯಿತು. ಒಂದು ಅವನ ಕಡೆ ಹೊರಳಿತು. ಇನ್ನೊಂದು ಕಿಟಕಿಯ ಕಡೆ ಹೋಗಲಿಲ್ಲ, ಅವಳ ಮೇಲೆ ನಿಂತಿತು.

"ಕಾವಲು ನಿಮ್ಮ ಮೇಲೂ ಬಿತ್ತು," ಅಂದ ಅವನು.

"ಬೀಳ್ಲಿ. ಬೀಳ್ಬೇಕು."

"ಮನೇಲಿರೋ ಗಿಡದ ಎಲೆಯನ್ನೆಲ್ಲ ತೊಳೀಬೇಕು. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ. ನಾಳೆ ಬರ್ತೀರಾ?"

ಅವಳು ಸೀಸೆಯನ್ನು ಎದೆಗೊತ್ತಿ ಹಿಡಿದಳು. "ಎಷ್ಟು ದಿನದ ಕೆಲಸ?"

"ಆರು ವಾರದಲ್ಲಿ ಮುಗಿಯುತ್ತೆ," ಅವನು ತಾತನ ಕಡೆ ನೋಡುತ್ತಲೇ ಹೇಳಿದ. "ಇನ್ನೂ ಎರಡು ವಾರ ಬೇಕು ಅಂತ ನಾನು ಹೇಳ್ತೀನಿ."