ಅವತ್ತು ಕೇಳಿಸಿದ ಮಾತು

ಡಾ. ನಿಹಾರಿಕಾ ಗುಂಡಿ ಒತ್ತಿದಾಗ ಮೇಘನಾಳ ಹಣೆಗೆ ಕಟ್ಟಿದ್ದ ಪಟ್ಟಿ ಸ್ವಲ್ಪ ಬೆಚ್ಚಗಾಯಿತು, ಅಷ್ಟೆ. ಎದುರಿನ ಸ್ಪೀಕರಿನಲ್ಲಿ ಕುಕ್ಕರ್ ಕೂಗಿತು. ಎಷ್ಟೋ ವರ್ಷಗಳ ಹಿಂದೆ ಮೇಘನಾಳ ಅಡುಗೆಮನೆಯಲ್ಲಿ ಕೂಗಿದ ಕುಕ್ಕರ್ ಅದು.

ನೆನಪೆಂದರೆ ಸುಣ್ಣ ಬಳಿದ ಗೋಡೆ. ನೆನೆಸಿಕೊಂಡಾಗಲೆಲ್ಲ ಮೆದುಳು ಇನ್ನೊಂದು ಪದರ ಬಳಿಯುತ್ತದೆ. ಆಮೇಲೆ ಏನಾಯಿತೆಂಬುದೂ ಆ ಸುಣ್ಣದಲ್ಲಿ ಕಲಸಿಹೋಗಿರುತ್ತದೆ. ನಿಹಾರಿಕಾಳ ಯಂತ್ರ ಪದರಗಳನ್ನು ಬಿಡಿಸಿ, ಕಿವಿ ಮೊದಲು ಕೇಳಿದ್ದನ್ನು ಹೊರತರುತ್ತಿತ್ತು. 2060ರ ಮೈಸೂರಿನಲ್ಲಿ ಜನ ಅದನ್ನು ‘ಸುಣ್ಣ ಕೆರೆಯೋ ಮಿಷನ್ನು’ ಎನ್ನುತ್ತಿದ್ದರು.

ಮೇಘನಾಳ ಗಂಡ ಸುಹಾಸ ಒಂದು ಬೆಳಿಗ್ಗೆ ಎದೆ ಉರಿ ಎಂದಿದ್ದ. ಜೀರಿಗೆ ಕಷಾಯ ಕೊಟ್ಟು ಮಲಗಿಸಿದ್ದಳು. ಮಧ್ಯಾಹ್ನಕ್ಕೆ ಅವನಿರಲಿಲ್ಲ, ಹೃದಯಾಘಾತ. ಆ ದಿನ ಮನೆಯಲ್ಲಿದ್ದ ಅವನ ತಂಗಿ ಲಾವಣ್ಯ ಬಂದವರಿಗೆಲ್ಲ ಹೇಳುತ್ತಿದ್ದುದು ಒಂದೇ: "ಆಸ್ಪತ್ರೆಗೆ ಕರ್ಕೊಂಡ್ಹೋಗಿ ಅಂತ ನಾನು ಅವತ್ತೇ ಬಡ್ಕೊಂಡೆ. ಅತ್ತಿಗೆ ಕಿವಿಗೇ ಹಾಕ್ಕೊಳ್ಳಲಿಲ್ಲ." ಕೇಳಿ ಕೇಳಿ ಮೇಘನಾಳಿಗೂ ಆ ಮಾತು ನೆನಪಿರುವಂತೆಯೇ ಅನ್ನಿಸತೊಡಗಿತ್ತು. ಕೇಳಿಯೂ ಸುಮ್ಮನಿದ್ದೆನೆ? ಅದೊಂದು ತಿಳಿಯಬೇಕಿತ್ತು. "ನಡೀರಿ, ಮಿಷನ್ನೇ ಹೇಳ್ಲಿ," ಎಂದು ಲಾವಣ್ಯಳೂ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

ಸ್ಪೀಕರಿನಲ್ಲಿ ಸುಹಾಸ ತೇಗಿದ. ಹಿಂದೆಯೇ ಲಾವಣ್ಯಳ ನಿಶ್ಚಿಂತೆಯ ದನಿ: "ಅಯ್ಯೋ, ಗ್ಯಾಸು ಅತ್ತಿಗೆ ಇವನಿಗೆ. ಅಷ್ಟು ಬೋಂಡ ತಿನ್ನು ಅಂತ ಯಾರಂದ್ರು? ಜೀರಿಗೆ ಕಷಾಯ ಕೊಡಿ, ಸರಿಹೋಗ್ತಾನೆ."

"ಸುಮ್ನಿರೇ, ನೀನೇನು ಕಮ್ಮಿ ತಿಂದ್ಯಾ?" ಎಂದ ಸುಹಾಸ.

ಮೇಘನಾ ಅಳುತ್ತಲೇ ನಕ್ಕುಬಿಟ್ಟಳು.

"ನಿಮ್ಮ ನಾದಿನಿ ಬೇಕಂತ ಸುಳ್ಳು ಹೇಳ್ತಿಲ್ಲ ಅಮ್ಮ," ಎಂದಳು ನಿಹಾರಿಕಾ. "ಆಗಿದ್ದು ಗೊತ್ತಾದ್ಮೇಲೆ, ನಂಗೆ ಮೊದಲೇ ಗೊತ್ತಿತ್ತು ಅಂತ ಮನಸ್ಸು ನಂಬಿಬಿಡುತ್ತೆ. ಎಲ್ಲರ ಮನಸ್ಸೂ ಹಾಗೇ. ಒಳಗೆ ಕರೀಲಾ? ಅವರೂ ಕೇಳಲಿ."

"ಬೇಡಮ್ಮ."

"ನಿಮ್ಮ ಮೇಲಿನ ತಪ್ಪು ಹೋಗುತ್ತಲ್ಲ?"

"ಹೋಗಿ ಅವಳ ಮೇಲೆ ಕೂತ್ಕೊಳ್ಳುತ್ತೆ. ಅಣ್ಣ ಅಂದ್ರೆ ಪ್ರಾಣ ಅವಳಿಗೆ. ‘ನಾನಾದ್ರೂ ಹೇಳಿದ್ದೆ’ ಅನ್ನೋದನ್ನ ಹಿಡ್ಕೊಂಡೇ ಇಷ್ಟು ದಿನ ಎದ್ದು ಓಡಾಡಿದಾಳೆ."

ಮೇಘನಾ ಹೊರಬಂದಾಗ ಲಾವಣ್ಯ ಎದ್ದು ನಿಂತಳು. "ಕೇಳಿಸ್ತಾ ನಾನು ಹೇಳಿದ್ದು?" ದನಿ ಜೋರಾಗಿತ್ತು, ಬೆರಳುಗಳು ಮಾತ್ರ ದುಪಟ್ಟಾದ ತುದಿಯನ್ನು ಹಿಂಡುತ್ತಿದ್ದವು.

"ನಿನ್ನ ದನಿ ಕೇಳಿಸ್ತು. ಅವರದ್ದೂ ಕೇಳಿಸ್ತು. ಒಬ್ಬರನ್ನೊಬ್ಬರು ರೇಗಿಸ್ತಾ ಇದ್ರಿ." ಮೇಘನಾ ಅವಳ ಕೈ ಹಿಡಿದಳು. "ಅವತ್ತು ನಮ್ಮಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ ಕಣೇ."

ಲಾವಣ್ಯ ಮತ್ತೆ ಬೆಂಚಿನ ಮೇಲೆ ಕೂತು, ಮೊದಲ ಸಲ, ಯಾರನ್ನೂ ಬೈಯದೆ ಅಣ್ಣನಿಗಾಗಿ ಅತ್ತಳು.

ಅಂಥ ಯಂತ್ರ ಇನ್ನೂ ಬಂದಿಲ್ಲ. ಆದರೆ ‘ಆಗಲೇ ಹೇಳಿದ್ದೆ’ ಎನ್ನುವವರೆದುರು ತಲೆ ತಗ್ಗಿಸಿ ಕೂತವರು ಇವತ್ತೂ ನಮ್ಮ ಮನೆಗಳಲ್ಲಿ ಇದ್ದಾರೆ. ಅವರ ಪಕ್ಕದಲ್ಲಿ ಕೂತು, ‘ಅವತ್ತು ನಿನಗೆ ಹೇಗೆ ಗೊತ್ತಾಗಬೇಕಿತ್ತು?’ ಎಂದು ಕೇಳಲು ಯಂತ್ರವೇನೂ ಬೇಕಿಲ್ಲ.